ಬೇಸಿಗೆಯ ಎರಡು ತಿಂಗಳು: ಹೊರದೇಶದ ಸಂಶೋಧನಾ ಕಲಿಕೆಯ ಬಗ್ಗೆ ದಾನಿಗಳಿಗೂ ಪೋಷಕರಿಗೂ ಒಂದು ವಿವರಣೆ



ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ನಮ್ಮ ಟ್ರಸ್ಟಿನ ವಿದ್ಯಾರ್ಥಿವೇತನ ಎಂದರೆ ಇಲ್ಲಿಯವರೆಗೆ ಕಾಲೇಜು ಫೀಸು, ಹಾಸ್ಟೆಲ್ ಖರ್ಚು, ಪುಸ್ತಕ, ಬಸ್ ಪಾಸು ಎಂದೇ ಎಲ್ಲರಿಗೂ ಗೊತ್ತು. ಈಚೆಗೆ ಬೇರೊಂದು ಬಗೆಯ ಅರ್ಜಿಗಳು ಬರತೊಡಗಿವೆ. ಬಿ.ಎಸ್ಸಿ., ಬಿ.ಇ. ಓದುವ ಮಕ್ಕಳು ಬೇಸಿಗೆಯಲ್ಲಿ ಎರಡು ಮೂರು ತಿಂಗಳು ಹೊರದೇಶದ ಪ್ರಯೋಗಾಲಯವೊಂದರಲ್ಲಿ ಕೆಲಸ ಕಲಿಯಲು ಹೋಗಬೇಕು, ನೆರವು ಕೊಡಿ ಎಂದು ಕೇಳುತ್ತಿದ್ದಾರೆ. ಒಬ್ಬರ ವಿಮಾನದ ಟಿಕೆಟಿಗೆ ಹೋಗುವ ದುಡ್ಡಿನಲ್ಲಿ ಎಷ್ಟು ಮಕ್ಕಳ ಪಿಯುಸಿ ಫೀಸು ಕಟ್ಟಬಹುದಿತ್ತು, ಎರಡು ತಿಂಗಳಲ್ಲಿ ಏನು ತಾನೇ ಕಲಿತಾರು ಎಂದು ದಾನಿಗಳು ಕೇಳುವುದು ಸಹಜ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹೇಳುವ ಮೊದಲು ಈ ಬೇಸಿಗೆ ಕಲಿಕೆ ಏನೆಂದು ತಿಳಿಸಬೇಕು. ಅರ್ಜಿ ಹಾಕುವ ಮನೆಗಳಲ್ಲೇ ಬಹಳ ಮಂದಿಗೆ ಇದು ಪ್ರವಾಸವೋ, ಕೋರ್ಸೋ, ಕೆಲಸವೋ ಸ್ಪಷ್ಟವಾಗಿಲ್ಲ.

ಇದು ಪ್ರವಾಸವೂ ಅಲ್ಲ, ಕೋರ್ಸೂ ಅಲ್ಲ. ವಿಶ್ವವಿದ್ಯಾಲಯದ ಒಬ್ಬ ಪ್ರಾಧ್ಯಾಪಕರು ತಮ್ಮ ಪ್ರಯೋಗಾಲಯದಲ್ಲಿ ನಡೆಯುತ್ತಿರುವ ದೊಡ್ಡ ಕೆಲಸದ ಒಂದು ಚಿಕ್ಕ ತುಂಡನ್ನು ವಿದ್ಯಾರ್ಥಿಯ ಕೈಗೆ ಕೊಡುತ್ತಾರೆ. ಆ ತುಂಡನ್ನು ಎಂಟು ಹತ್ತು ವಾರ ಹಿಡಿದು ಮಾಡಬೇಕು. ಪಾಠ ಇರುವುದಿಲ್ಲ, ಪರೀಕ್ಷೆ ಇರುವುದಿಲ್ಲ. ದಿನವೂ ಅದೇ ಅಳತೆ ತೆಗೆಯುವುದು, ಬರೆದಿಡುವುದು, ತಪ್ಪಿದರೆ ಮತ್ತೆ ಮಾಡುವುದು, ವಾರಕ್ಕೊಮ್ಮೆ ಎಲ್ಲರೆದುರು ನಿಂತು ಏನಾಯಿತೆಂದು ಹೇಳುವುದು, ಇಷ್ಟೇ. ಕೆನಡಾದ ಮೈಟ್ಯಾಕ್ಸ್ ಗ್ಲೋಬಲಿಂಕ್ ಯೋಜನೆಯಲ್ಲಿ ಇದು 12 ವಾರ. ಜರ್ಮನಿಯ ಡಾಡ್ ಸಂಸ್ಥೆ ಭಾರತದ ವಿಜ್ಞಾನ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆಂದೇ ನಡೆಸುವ 'ವೈಸ್' ಯೋಜನೆಯಲ್ಲಿ ಎರಡರಿಂದ ಮೂರು ತಿಂಗಳು. ಜಪಾನಿನ ಒಕಿನಾವಾ ದ್ವೀಪದ ಓಯಿಸ್ಟ್, ಸೌದಿ ಅರೇಬಿಯಾದಲ್ಲಿ ಜಿದ್ದಾದ ಉತ್ತರಕ್ಕೆ ಕೆಂಪು ಸಮುದ್ರದ ದಡದಲ್ಲಿರುವ ಕೌಸ್ಟ್ ವಿಶ್ವವಿದ್ಯಾಲಯಗಳೂ ಇಂಥ ಅವಕಾಶ ಕೊಡುತ್ತವೆ.

ಇಲ್ಲಿ ಪೋಷಕರು ಗಟ್ಟಿಯಾಗಿ ನೆನಪಿಡಬೇಕಾದ ಒಂದು ಮಾತಿದೆ. ಮೇಲೆ ಹೇಳಿದ ಯೋಜನೆಗಳೆಲ್ಲ ವಿದ್ಯಾರ್ಥಿಗೆ ಹಣ ಕೊಡುವಂಥವು, ವಿದ್ಯಾರ್ಥಿಯಿಂದ ತೆಗೆದುಕೊಳ್ಳುವಂಥವಲ್ಲ. ಊಟ ವಸತಿಗೆ ತಿಂಗಳ ಭತ್ಯೆ ಅಥವಾ ನೆರವು ಸಿಗುತ್ತದೆ, ಪ್ರಯಾಣಕ್ಕೆ ಪೂರ್ತಿಯೋ ಭಾಗಶಃವೋ ಹಣ ಬರುತ್ತದೆ. ಆಯ್ಕೆ ಕಷ್ಟ. 'ವೈಸ್' ಯೋಜನೆಯಂತೂ ಎಲ್ಲ ಕಾಲೇಜುಗಳ ಮಕ್ಕಳಿಗೆ ತೆರೆದಿಲ್ಲ, ಆಯ್ದ ಸಂಸ್ಥೆಗಳಿಗೆ ಮಾತ್ರ. ಹಾಗಿರುವಾಗ, ಲಕ್ಷಗಟ್ಟಲೆ ಫೀಸು ಕಟ್ಟಿದರೆ ಎರಡು ವಾರ ಲಂಡನ್ನಿನಲ್ಲೋ ಸಿಂಗಪುರದಲ್ಲೋ 'ಸಂಶೋಧನಾ ಅನುಭವ' ಕೊಡಿಸಿ ಪ್ರಮಾಣಪತ್ರ ಕೈಗಿಡುತ್ತೇವೆ ಎಂದು ಫೋನ್ ಮಾಡುವವರ ಮಾತಿಗೆ ಮರುಳಾಗಬಾರದು. ಅದು ಶುದ್ಧ ಪ್ರವಾಸ. ದುಡ್ಡಿದ್ದವರು ಸಂತೋಷವಾಗಿ ಹೋಗಿಬರಲಿ. ಚಿನ್ನ ಅಡವಿಟ್ಟು, ಸೈಟು ಮಾರಿ ಹೋಗುವಂಥದ್ದಲ್ಲ, ದಾನದ ಹಣದಲ್ಲಿ ಹೋಗುವಂಥದ್ದಂತೂ ಅಲ್ಲವೇ ಅಲ್ಲ. ಅಂಥ ಅರ್ಜಿಗಳನ್ನು ಟ್ರಸ್ಟ್ ಪರಿಗಣಿಸುವುದಿಲ್ಲ.

ಇನ್ನು ಎರಡನೆಯ ಪ್ರಶ್ನೆ. ಅಷ್ಟು ಕಡಿಮೆ ಕಾಲದಲ್ಲಿ ಏನು ಕಲಿಯಲು ಸಾಧ್ಯ? ಇದಕ್ಕೆ ಉತ್ತರ ಶ್ರೀರಂಗಪಟ್ಟಣದ ಪಕ್ಕದಲ್ಲೇ ಇದೆ. ರಂಗನತಿಟ್ಟು ನಮಗೆಲ್ಲ ಗೊತ್ತು, ಈದ್ ಮರುದಿನ ಮಕ್ಕಳನ್ನು ಕರೆದುಕೊಂಡು ಹೋಗಿ ದೋಣಿಯಲ್ಲಿ ಕೂರಿಸಿಕೊಂಡು ಬರುವ ಜಾಗ. 1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಕಟ್ಟಿಸಿದ ಅಣೆಯಿಂದ ಹುಟ್ಟಿಕೊಂಡ ನಡುಗಡ್ಡೆಗಳು ಅವು. ಅಲ್ಲಿ ಕೊಕ್ಕರೆಗಳು ಗೂಡು ಕಟ್ಟುವುದನ್ನು ಗುರುತಿಸಿ, ಇದನ್ನು ಕಾಪಾಡಬೇಕೆಂದು ಮೈಸೂರಿನ ಅರಸರಿಗೆ ಒತ್ತಿ ಹೇಳಿದವರು ಡಾ. ಸಲೀಂ ಅಲಿ. 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ದೋಣಿಯಲ್ಲಿ ಕೂತು ಬಂದವರಲ್ಲಿ ಈ ಸಲೀಂ ಅಲಿ ಯಾರು, ಇದನ್ನೆಲ್ಲ ಎಲ್ಲಿ ಕಲಿತರು ಎಂದು ವಿಚಾರಿಸಿದವರು ಕಡಿಮೆ.

ಸಲೀಂ ಅಲಿ 1896ರಲ್ಲಿ ಮುಂಬಯಿಯಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲೇ ತಂದೆ ತಾಯಿ ಇಲ್ಲವಾಗಿ ಸೋದರಮಾವ ಅಮೀರುದ್ದೀನ್ ತಯಬ್‌ಜಿ ಅವರ ಮನೆಯಲ್ಲಿ ಬೆಳೆದರು. ವಿಶ್ವವಿದ್ಯಾಲಯದ ಪದವಿ ಅವರ ಬಳಿ ಇರಲಿಲ್ಲ. ಆ ಕಾರಣಕ್ಕೇ ಒಂದು ಸರ್ಕಾರಿ ಹುದ್ದೆಯೂ ಕೈತಪ್ಪಿತ್ತು. ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಮ್ಮಿನಲ್ಲಿ ಬಂದವರಿಗೆ ವಿವರಣೆ ಹೇಳುವ ಕೆಲಸದಲ್ಲಿದ್ದಾಗ, ಇಷ್ಟು ಸಾಲದು, ಪಕ್ಷಿಶಾಸ್ತ್ರವನ್ನು ಕ್ರಮವಾಗಿ ಕಲಿಯಬೇಕು ಎನ್ನಿಸಿತು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಬರೆದು ನೋಡಿದರು, ಅಲ್ಲಿಂದ ಉತ್ಸಾಹದ ಉತ್ತರ ಬರಲಿಲ್ಲ. ಬರ್ಲಿನ್ನಿನ ಪ್ರಾಣಿಶಾಸ್ತ್ರ ಮ್ಯೂಸಿಯಮ್ಮಿನ ಪ್ರೊಫೆಸರ್ ಎರ್ವಿನ್ ಸ್ಟ್ರೆಸೆಮಾನ್ ಬನ್ನಿ ಎಂದು ಕರೆದರು. 1929ರಲ್ಲಿ ಸಲೀಂ ಅಲಿ ರಜೆ ಹಾಕಿ ಜರ್ಮನಿಗೆ ಹೋದರು.

ಅಲ್ಲಿ ಅವರು ಕಲಿತದ್ದೇನು? ಪಕ್ಷಿಯ ಮಾದರಿಗಳನ್ನು ಸಾಲಾಗಿಟ್ಟುಕೊಂಡು ಒಂದಕ್ಕೊಂದು ಹೋಲಿಸಿ ಜಾತಿ ಗುರುತಿಸುವ ಕ್ರಮ. ಹೆಲ್ಗೊಲ್ಯಾಂಡ್ ದ್ವೀಪದಲ್ಲಿ ವಲಸೆ ಹಕ್ಕಿಗಳನ್ನು ಹಿಡಿದು ಕಾಲಿಗೆ ಉಂಗುರ ತೊಡಿಸಿ ಬಿಡುವ ಕೆಲಸ. ಎಲ್ಲಕ್ಕಿಂತ ಹೆಚ್ಚಾಗಿ, ಸತ್ತ ಹಕ್ಕಿಯ ಚರ್ಮ ತುಂಬಿಡುವುದೇ ಪಕ್ಷಿಶಾಸ್ತ್ರ ಎಂದು ನಮ್ಮಲ್ಲಿ ತಿಳಿದಿದ್ದ ಕಾಲದಲ್ಲಿ, ಬದುಕಿರುವ ಹಕ್ಕಿಯನ್ನು ತಾಳ್ಮೆಯಿಂದ ನೋಡಿ ಬರೆಯುವುದೂ ವಿಜ್ಞಾನವೇ ಎಂದು ನಂಬಿದ್ದ ಜನರ ನಡುವೆ ಕೂತು ಕೆಲಸ ಮಾಡಿದ್ದು. ಪ್ರಮಾಣಪತ್ರ ಯಾವುದೂ ಇಲ್ಲ. 1930ರಲ್ಲಿ ಮರಳಿ ಬಂದರೆ ಕಾದಿದ್ದು ಬೇರೆಯೇ ಸುದ್ದಿ. ಹಣದ ಅಭಾವದಿಂದ ಮ್ಯೂಸಿಯಂ ಅವರ ಹುದ್ದೆಯನ್ನೇ ತೆಗೆದುಹಾಕಿತ್ತು.

ನಮ್ಮ ಮನೆಗಳಲ್ಲಿ ಹೀಗಾದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಹೋಗಬೇಡ ಎಂದಿದ್ದೆವು, ಹೋದ, ಈಗ ಇದ್ದ ಕೆಲಸವೂ ಹೋಯಿತು ಎನ್ನುತ್ತಾರೆ. ಸಲೀಂ ಅಲಿ ಪತ್ನಿ ತೆಹ್ಮಿನಾ ಅವರೊಂದಿಗೆ ಮುಂಬಯಿ ಬಿಟ್ಟು ಸಮುದ್ರದ ಆಚೆ ದಡದ ಕಿಹಿಮ್ ಎಂಬ ಹಳ್ಳಿಗೆ ಹೋಗಿ ನೆಲೆಸಿದರು. ಮನೆಯ ಹತ್ತಿರದ ಮರದಲ್ಲಿ ಗೀಜಗ ಹಕ್ಕಿಗಳು ಗೂಡು ನೇಯುತ್ತಿದ್ದವು. ಅವನ್ನು ನೋಡುತ್ತ ಕೂತರು. ಗಂಡು ಗೀಜಗ ಗೂಡನ್ನು ಅರ್ಧ ಕಟ್ಟಿ ನಿಲ್ಲಿಸುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಪೂರ್ತಿ ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಕಾವಿಗೆ ಕೂತ ಮೇಲೆ ಗಂಡು ಇನ್ನೊಂದು ಗೂಡು ಶುರು ಮಾಡಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಹಳ್ಳಿಯವರು ದಿನವೂ ಕಾಣುವ ಹಕ್ಕಿಯ ಈ ಸಂಸಾರವನ್ನು ಕ್ರಮವಾಗಿ ನೋಡಿ ಬರೆದ ಲೇಖನ ಅವರಿಗೆ ಹೆಸರು ತಂದಿತು. ಹತ್ತು ವರ್ಷದ ಮೇಲೆ, 1939-40ರಲ್ಲಿ, ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಗೆಂದು ಅವರು ನಮ್ಮ ಕಡೆಗೆ ಬಂದರು. ರಂಗನತಿಟ್ಟು ಉಳಿದದ್ದು ಹೀಗೆ. ಗೀಜಗ ಬರ್ಲಿನ್ನಿನಲ್ಲಿಲ್ಲ, ನೋಡುವ ಬಗೆಯನ್ನು ಮಾತ್ರ ಅಲ್ಲಿಂದ ತಂದರು. ಎರಡು ತಿಂಗಳಿಗೂ ಈ ಮಾತು ಸಲ್ಲುತ್ತದೆ. ಮಗು ಅಲ್ಲಿಂದ ತರಬೇಕಾದದ್ದು ಜ್ಞಾನದ ಮೂಟೆಯನ್ನಲ್ಲ, ಕೆಲಸ ಮಾಡುವ ಕ್ರಮವನ್ನು.

ಆದರೆ ಒಂದು ವ್ಯತ್ಯಾಸ ಮುಚ್ಚಿಡಬಾರದು. ಸಲೀಂ ಅಲಿಯವರ ಬೆನ್ನಿಗೆ ಮುಂಬಯಿಯ ದೊಡ್ಡ ಮನೆತನವಿತ್ತು, ಕೆಲಸ ಹೋದರೂ ಇರಲೊಂದು ಮನೆಯಿತ್ತು. ಗ್ಯಾರೇಜು, ಗುಜರಿ ಅಂಗಡಿ, ರೇಷ್ಮೆ ನೂಲು ಬಿಚ್ಚುವ ಒಲೆ ನಂಬಿಕೊಂಡ ನಮ್ಮ ಮನೆಗಳಿಗೆ ಆ ಆಸರೆ ಇಲ್ಲ. ಆದ್ದರಿಂದ ಇನ್ನೊಬ್ಬರ ಉದಾಹರಣೆ ಹೇಳಬೇಕು. ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಮದ್ರಾಸಿನ ಎಂಐಟಿ ಸೇರುವಾಗ ಬೇಕಾಗಿದ್ದ ಸುಮಾರು 1000 ರೂಪಾಯಿಗೆ ಅಕ್ಕ ಜೊಹರಾ ತಮ್ಮ ಚಿನ್ನದ ಬಳೆ ಮತ್ತು ಸರ ಅಡವಿಟ್ಟರು. ಅದನ್ನು ತನ್ನ ಸಂಪಾದನೆಯಿಂದಲೇ ಬಿಡಿಸಿಕೊಡಬೇಕು ಎಂದುಕೊಂಡದ್ದನ್ನು ಕಲಾಂ ಆತ್ಮಕಥೆಯಲ್ಲಿ ಬರೆದಿದ್ದಾರೆ. 1963ರಲ್ಲಿ ಅವರನ್ನು ಆರು ತಿಂಗಳ ತರಬೇತಿಗೆ ಅಮೆರಿಕದ ನಾಸಾಕ್ಕೆ ಕಳಿಸಲಾಯಿತು. ವರ್ಜೀನಿಯಾದ ವಾಲಪ್ಸ್ ಕೇಂದ್ರದ ಸ್ವಾಗತ ಕೋಣೆಯ ಗೋಡೆಯಲ್ಲಿ ಅವರೊಂದು ಚಿತ್ರ ಕಂಡರು. ಹಿನ್ನೆಲೆಯಲ್ಲಿ ರಾಕೆಟ್ಟುಗಳು ಹಾರುತ್ತಿವೆ, ಬಿಡುತ್ತಿರುವ ಸೈನಿಕರು ಬಿಳಿಯರಲ್ಲ. ಹತ್ತಿರ ಹೋಗಿ ನೋಡಿದರೆ ಅದು ಬ್ರಿಟಿಷರ ವಿರುದ್ಧ ಟಿಪ್ಪು ಸುಲ್ತಾನರ ಸೈನ್ಯ. ನಮ್ಮ ಮಕ್ಕಳು ದರಿಯಾ ದೌಲತ್‌ನ ಪಶ್ಚಿಮದ ಗೋಡೆಯಲ್ಲಿ 1780ರ ಪೊಲ್ಲಿಲೂರು ಯುದ್ಧದ ಚಿತ್ರ ನೋಡಿ ಬೆಳೆಯುತ್ತಾರೆ, ಅದೇ ಯುದ್ಧಗಳ ರಾಕೆಟ್ಟು. ಕಬ್ಬಿಣದ ಕೊಳವೆಯೊಳಗೆ ಮದ್ದು ತುಂಬಿದ್ದರಿಂದ ಅದು ಹೆಚ್ಚು ಒತ್ತಡ ತಡೆದು ಹೆಚ್ಚು ದೂರ ಹೋಗುತ್ತಿತ್ತು. 1799ರ ನಂತರ ಇಲ್ಲಿಂದ ಇಂಗ್ಲೆಂಡಿಗೆ ಹೋದ ರಾಕೆಟ್ಟುಗಳನ್ನು ಬಿಚ್ಚಿ ನೋಡಿಯೇ ವಿಲಿಯಂ ಕಾಂಗ್ರೀವ್ ತಮ್ಮ ರಾಕೆಟ್ಟನ್ನು ಮಾಡಿದ್ದು. ಕಲಾಂ ಮರಳಿದ ಮೇಲೆ, 1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ಭಾರತದ ನೆಲದ ಮೊದಲ ಸೌಂಡಿಂಗ್ ರಾಕೆಟ್ ಮೇಲೇರಿತು. ರಾಕೆಟ್ಟು ಅಮೆರಿಕದ್ದು, ಅದನ್ನು ಜೋಡಿಸಿ ಹಾರಿಸಲು ಕಲಿತ ಕೈ ನಮ್ಮವರದು.

ಹೆಣ್ಣುಮಕ್ಕಳ ವಿಷಯಕ್ಕೆ ಬರೋಣ. ಅರ್ಜಿ ಹಾಕಲು ಮನಸ್ಸಿದ್ದರೂ ಮನೆಯವರು ಒಪ್ಪದೆ ಹಿಂದೆ ಸರಿಯುವವರಲ್ಲಿ ಹೆಚ್ಚಿನವರು ಹುಡುಗಿಯರು. ಒಬ್ಬಳನ್ನೇ ಅಷ್ಟು ದೂರ ಕಳಿಸುವುದು ಹೇಗೆ ಎಂಬ ಅಮ್ಮಿ ಅಬ್ಬಾರ ಆತಂಕವನ್ನು ಹಗುರವಾಗಿ ಕಾಣುವಂತಿಲ್ಲ. ಕಳಿಸಲೇಬೇಕೆಂದು ಟ್ರಸ್ಟ್ ಯಾರ ಮನೆಗೂ ಬಂದು ಹೇಳುವುದಿಲ್ಲ. ಮಗಳ ಮಾತನ್ನೂ ಕೇಳಿ ತೀರ್ಮಾನಿಸಿ ಎಂದಷ್ಟೇ ಕೋರುತ್ತೇವೆ. ಇದು ಹೊಸ ಮಾತೇನೂ ಅಲ್ಲ. ಮುಂಬಯಿಯ ಅತಿಯಾ ಫೈಜಿ 1906ರಲ್ಲಿ ಸರ್ಕಾರಿ ವಿದ್ಯಾರ್ಥಿವೇತನದ ಮೇಲೆ ಶಿಕ್ಷಕಿಯ ತರಬೇತಿಗಾಗಿ ಲಂಡನ್ನಿಗೆ ಹೋದರು. ಆರೋಗ್ಯ ಕೈಕೊಟ್ಟು 1907ರಲ್ಲಿ ತರಬೇತಿ ಮುಗಿಸದೆಯೇ ಮರಳಬೇಕಾಯಿತು. ಆದರೆ ಅಲ್ಲಿದ್ದಷ್ಟು ದಿನ ಉರ್ದುವಿನಲ್ಲಿ ದಿನಚರಿ ಬರೆದು ಕಳಿಸುತ್ತಿದ್ದರು. ಅದು ಲಾಹೋರಿನ 'ತಹಜೀಬ್-ಎ-ನಿಸ್ವಾಂ' ಎಂಬ ಮಹಿಳಾ ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು, 1921ರಲ್ಲಿ ಪುಸ್ತಕವೂ ಆಯಿತು. ಪರದೆಯ ಒಳಗಿದ್ದ ಹೆಣ್ಣುಮಕ್ಕಳು ಮನೆಯಲ್ಲೇ ಕೂತು ಅವರ ಕಣ್ಣಿನಿಂದ ಒಂದು ಕಾಲೇಜನ್ನು ನೋಡಿದರು. ತರಬೇತಿ ಅರ್ಧಕ್ಕೆ ನಿಂತರೂ ಬರಹ ನಿಲ್ಲಲಿಲ್ಲ.

ಇದೇ ಕಾರಣಕ್ಕೆ ನೆರವು ಪಡೆದ ಪ್ರತಿಯೊಬ್ಬ ವಿದ್ಯಾರ್ಥಿಯೂ ಮರಳಿದ ಮೇಲೆ ನಾಲ್ಕೈದು ಪುಟದ ವರದಿಯನ್ನು ಕನ್ನಡದಲ್ಲೋ ಉರ್ದುವಿನಲ್ಲೋ ಕೊಡಬೇಕೆಂದು ಟ್ರಸ್ಟ್ ಕೇಳುತ್ತದೆ. ಈ ಪದ್ಧತಿಯೂ ಶ್ರೀರಂಗಪಟ್ಟಣಕ್ಕೆ ಹಳೆಯದು. ಟಿಪ್ಪು ಸುಲ್ತಾನರು ಉಸ್ಮಾನಿ ಖಲೀಫರ ಬಳಿಗೆ ಕಳಿಸಿದ ನಿಯೋಗ 1786ರ ಮಾರ್ಚಿನಲ್ಲಿ ಗೋಕರ್ಣದ ಹತ್ತಿರದ ತದಡಿ ಬಂದರಿನಿಂದ ಹೊರಟು ಮಸ್ಕತ್, ಬಸ್ರಾ ದಾರಿಯಾಗಿ ಹೋಯಿತು. ಗಡಿಯಾರ, ಗಾಜು, ಪಿಂಗಾಣಿ, ಬಂದೂಕು ಮಾಡಬಲ್ಲ ಕುಶಲಕರ್ಮಿಗಳನ್ನು ಕರೆತರುವುದೂ ಅವರ ಕೆಲಸಗಳಲ್ಲೊಂದು. ಹೋದವರಲ್ಲಿ ಅನೇಕರು ಕಾಯಿಲೆಯಿಂದ ದಾರಿಯಲ್ಲೇ ತೀರಿಕೊಂಡರು. ಜೊತೆಗಿದ್ದ ಮುನ್ಷಿ ಖ್ವಾಜಾ ಅಬ್ದುಲ್ ಖಾದಿರ್ ಪಾರಸಿಯಲ್ಲಿ ಬರೆದಿಟ್ಟ ದಿನಚರಿ ಉಳಿದುಕೊಂಡಿತು, ಇಂದಿಗೂ ಇತಿಹಾಸಕಾರರಿಗೆ ಆ ಪ್ರಯಾಣ ಗೊತ್ತಿರುವುದು ಬಹುಪಾಲು ಅದರಿಂದಲೇ.

ವಿದ್ಯಾರ್ಥಿಗಳ ವರದಿಯಲ್ಲಿ ನಾವು ಹುಡುಕುವುದೇನು ಎಂದು ಮಕ್ಕಳು ಕೇಳುತ್ತಾರೆ. ಐಫೆಲ್ ಗೋಪುರದ ಫೋಟೋ ಬೇಡ. 'ಅನುಭವ ಅದ್ಭುತವಾಗಿತ್ತು, ಅವಕಾಶ ಕೊಟ್ಟವರಿಗೆ ಧನ್ಯವಾದ' ಎಂಬ ಸಾಲುಗಳೂ ಬೇಡ, ಧನ್ಯವಾದ ದುಆದಲ್ಲಿ ಇರಲಿ. ದಿನಕ್ಕೆ ಎಷ್ಟು ಹೊತ್ತು ಏನು ಮಾಡಿದಿರಿ? ಯಾವ ಪ್ರಯೋಗ ಕೈಗೂಡಲಿಲ್ಲ, ಏಕೆ? ಗುರುಗಳ ಎದುರು ನನಗೆ ಗೊತ್ತಿಲ್ಲ ಎಂದು ಹೇಳುವುದು ಅಲ್ಲಿ ಅವಮಾನವಾಗಿತ್ತೇ, ಸಹಜವಾಗಿತ್ತೇ? ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಅದೇ ಕೆಲಸವನ್ನು ಕಡಿಮೆ ಖರ್ಚಿನಲ್ಲಿ ಮಾಡಬಹುದೇ? ನಾಗಮಂಗಲದ ಒಣ ಹೋಬಳಿಗಳ ಕೊಳವೆಬಾವಿಯ ನೀರು, ಪಾಂಡವಪುರದ ನಾಲೆ ಬಯಲಿನ ಕಬ್ಬಿನ ಗದ್ದೆಯ ಮಣ್ಣು, ಕೆ.ಆರ್. ಪೇಟೆಯ ರೈತರ ಹಿಪ್ಪುನೇರಳೆ ಇವುಗಳಿಗೆ ಕಲಿತದ್ದು ಏನಾದರೂ ತಾಗುತ್ತದೆಯೇ? ತಾಗದಿದ್ದರೆ ತಾಗುವುದಿಲ್ಲ ಎಂದೇ ಬರೆಯಲಿ. ಕಣಭೌತವಿಜ್ಞಾನ ಕಲಿತು ಬಂದ ಮಗು ಕಬ್ಬಿಗೆ ಸಂಬಂಧ ಕಲ್ಪಿಸಬೇಕಾಗಿಲ್ಲ.

ಪೋಷಕರು ಕೇಳುವ ಊಟ ಮತ್ತು ನಮಾಜಿನ ವಿಷಯಕ್ಕೂ ಎರಡು ಮಾತು. ಕೌಸ್ಟ್‌ನಲ್ಲಿ ಈ ಚಿಂತೆಯೇ ಇಲ್ಲ. ಕೆನಡಾದ ದೊಡ್ಡ ನಗರಗಳಲ್ಲಿ ಮಸೀದಿ, ಹಲಾಲ್ ಅಂಗಡಿ ಸಿಗುತ್ತವೆ. ಒಕಿನಾವಾದಂಥ ಕಡೆ ತಾನೇ ಅಡುಗೆ ಮಾಡಿಕೊಳ್ಳುವುದು ಬರಬೇಕು, ಗಂಡುಮಕ್ಕಳಿಗೂ ಮೊದಲೇ ಕಲಿಸಿ ಕಳಿಸಿ. ಜರ್ಮನಿಯಲ್ಲಿ ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂವರೆಯ ಹೊತ್ತಿಗೆ, ಹುಟ್ಟುವುದು ಐದರ ಸುಮಾರಿಗೇ. ಇಶಾ ಮತ್ತು ಫಜರ್ ನಡುವೆ ನಿದ್ದೆಗೆ ಸಿಗುವ ಸಮಯ ಕಡಿಮೆ, ಹೋಗುವ ಮೊದಲೇ ಮೌಲಾನಾ ಅವರ ಬಳಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಈಚಿನ ವರ್ಷಗಳಲ್ಲಿ ಬಕ್ರೀದ್ ಮೇ-ಜೂನ್ ಸುಮಾರಿಗೆ ಬರುತ್ತಿರುವುದರಿಂದ ಒಂದು ಹಬ್ಬ ಮನೆಯಿಂದ ದೂರವೇ ಕಳೆಯಬೇಕಾದೀತು. ಮನೆಯ ನೆನಪಿನಿಂದ ಮೊದಲ ಎರಡು ವಾರ ಅಳದ ಮಕ್ಕಳು ವಿರಳ. ಫೋನಿನಲ್ಲಿ ಅತ್ತರೆಂದು ಕೂಡಲೇ ವಾಪಸು ಕರೆಸಿಕೊಳ್ಳಬೇಡಿ.

ಈಗ ಹಣದ ವಿಷಯ. ಯೋಜನೆಯವರು ಭತ್ಯೆ ಕೊಟ್ಟರೂ ಅದು ಕೈಗೆ ಬರುವುದು ಸಾಮಾನ್ಯವಾಗಿ ಅಲ್ಲಿ ತಲುಪಿದ ಮೇಲೆ. ಅದಕ್ಕೆ ಮೊದಲು ಪಾಸ್‌ಪೋರ್ಟು, ವೀಸಾ ಶುಲ್ಕ, ವಿಮೆ, ಬೆರಳಚ್ಚು ಕೊಡಲು ಬೆಂಗಳೂರಿನ ಓಡಾಟ, ಬೆಚ್ಚನೆಯ ಬಟ್ಟೆ, ಹಲವು ಸಲ ಟಿಕೆಟ್ಟೂ ಸ್ವಂತ ದುಡ್ಡಿನಿಂದಲೇ ಆಗಬೇಕು. ಆಯ್ಕೆಯಾದ ಮಗು ಹೋಗಲಾಗದೆ ನಿಲ್ಲುವುದು ಬಹುತೇಕ ಈ ಮೊದಲ ತಿಂಗಳ ಹಣಕ್ಕಾಗಿ. ಆದ್ದರಿಂದ ಟ್ರಸ್ಟ್ ಇಡೀ ಖರ್ಚು ಕೊಡುವುದಿಲ್ಲ, ಈ ಕಂದಕಕ್ಕೆ ಮಾತ್ರ ಹಲಗೆ ಹಾಕುತ್ತದೆ. ಟಿಕೆಟ್ ಹಣ ಕರ್ಜೆ ಹಸನಾ ರೂಪದಲ್ಲಿ, ಬಡ್ಡಿಯಿಲ್ಲದೆ. ಯೋಜನೆಯವರು ಪ್ರಯಾಣದ ಹಣ ಕೊಟ್ಟಾಗ ವಿದ್ಯಾರ್ಥಿ ಅದನ್ನು ಮರಳಿಸುತ್ತಾನೆ, ಅದೇ ಹಣ ಮುಂದಿನ ವರ್ಷ ಇನ್ನೊಬ್ಬರಿಗೆ ಹೋಗುತ್ತದೆ. ಪಾಸ್‌ಪೋರ್ಟು, ವೀಸಾ, ಬಟ್ಟೆಯ ಖರ್ಚು ಮಾತ್ರ ನೆರವಿನ ರೂಪದಲ್ಲಿ. ದಾನಿಗಳ ಮೊದಲ ಪ್ರಶ್ನೆಗೆ ಉತ್ತರ ಇದೇ. ಪಿಯುಸಿ ಮಕ್ಕಳ ಫೀಸಿನ ನಿಧಿಗೆ ಕೈ ಹಾಕುವುದಿಲ್ಲ. ಜಕಾತ್ ಹಣವನ್ನೂ ಇದಕ್ಕೆ ಬಳಸುವುದಿಲ್ಲ, ಇದಕ್ಕೆಂದೇ ಸೂಚಿಸಿ ಕೊಟ್ಟ ಸಾಮಾನ್ಯ ದೇಣಿಗೆಯಿಂದ ಮಾತ್ರ.

ಸರ್ಕಾರದಿಂದ ಸಿಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕೇಂದ್ರ ಸರ್ಕಾರದಲ್ಲಿ ಅಲ್ಪಸಂಖ್ಯಾತರ ವಿದೇಶ ವ್ಯಾಸಂಗ ಸಾಲದ ಬಡ್ಡಿಗೆ ನೆರವಾಗುತ್ತಿದ್ದ 'ಪಢೋ ಪರ್‌ದೇಶ್', ಸಂಶೋಧಕರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ ಎರಡೂ 2022-23ರಿಂದ ನಿಂತಿವೆ. ಅವು ಇದ್ದಾಗಲೂ ಬೇಸಿಗೆಯ ಎರಡು ತಿಂಗಳಿಗೆ ಅನ್ವಯಿಸುತ್ತಿರಲಿಲ್ಲ. ಪೂರ್ಣ ಪದವಿಗೆ ಹೊರದೇಶಕ್ಕೆ ಹೋಗುವವರು ಮಂಡ್ಯದ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಮತ್ತು ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ವಿಚಾರಿಸಬೇಕು.

ಮೊದಲ ಹೆಜ್ಜೆ ಹೊರದೇಶವೇ ಆಗಬೇಕೆಂದಿಲ್ಲ, ನಮ್ಮ ಅಭಿಪ್ರಾಯದಲ್ಲಿ ಆಗಲೂಬಾರದು. ಹೊರಗಿನ ಪ್ರಾಧ್ಯಾಪಕರು ಅರ್ಜಿಯಲ್ಲಿ ಮೊದಲು ನೋಡುವುದೇ ಈ ಮಗು ಎಲ್ಲಾದರೂ ಲ್ಯಾಬಿನಲ್ಲಿ ಕೈಯಾಡಿಸಿದೆಯೇ ಎಂದು. ಬೆಂಗಳೂರಿನಲ್ಲಿರುವ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳೊಂದಿಗೆ ಸೇರಿ ಪ್ರತಿ ವರ್ಷ ಎರಡು ತಿಂಗಳ ಬೇಸಿಗೆ ಫೆಲೋಶಿಪ್ ನಡೆಸುತ್ತದೆ. ದೇಶದ ಯಾವುದಾದರೊಂದು ಸಂಸ್ಥೆಯಲ್ಲಿ ಕೆಲಸ, ಜೊತೆಗೆ ಭತ್ಯೆ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ್ದೂ ಇಂಥದ್ದೇ ಯೋಜನೆ. ಮೈಸೂರಿನಲ್ಲಂತೂ ಸಿಎಫ್‌ಟಿಆರ್‌ಐ ಇದೆ, ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆ ಇದೆ, ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆಗೆ ಬರುವಷ್ಟು ಹತ್ತಿರ. ದೂರ ಕಳಿಸಲು ಮನೆಯವರಿಗೆ ಧೈರ್ಯ ಬಾರದ ಹುಡುಗಿಯರಿಗೆ ಇದು ಒಳ್ಳೆಯ ಆರಂಭ. ಇಂಥ ಕಲಿಕೆಗೂ ಟ್ರಸ್ಟ್ ಬಸ್ಸು, ಊಟದ ಖರ್ಚು ಕೊಡುತ್ತದೆ.

ಕೊನೆಗೆ ಕಾಗದಪತ್ರ. ಬೇಸಿಗೆಗೆ ಹೋಗುವುದಾದರೂ ಅರ್ಜಿಗಳು ಹಿಂದಿನ ವರ್ಷದ ಸೆಪ್ಟೆಂಬರಿನಿಂದ ಡಿಸೆಂಬರಿನೊಳಗೆ ಮುಗಿದುಹೋಗುವುದೇ ಹೆಚ್ಚು. ಫೆಬ್ರವರಿಯಲ್ಲಿ ಎಚ್ಚೆತ್ತರೆ ಆ ವರ್ಷ ಹೋದಂತೆಯೇ. ಪಾಸ್‌ಪೋರ್ಟನ್ನು ಎರಡನೆಯ ವರ್ಷದಲ್ಲೇ ಮಾಡಿಸಿ. ಸಾಮಾನ್ಯ ಅರ್ಜಿಗೆ ಶುಲ್ಕ 1500 ರೂಪಾಯಿ, 2017ರಿಂದ ಮೈಸೂರಿನ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರದಲ್ಲೂ ಆಗುತ್ತದೆ. ನಮ್ಮ ಮಕ್ಕಳಿಗೆ ತೊಡಕಾಗುವುದು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮೊಹಮ್ಮದ್ ಪೂರ್ತಿ, ಆಧಾರಿನಲ್ಲಿ ಅದೇ ಹೆಸರು ಎರಡಕ್ಷರಕ್ಕೆ ಇಳಿದಿರುತ್ತದೆ. ಒಂದರಲ್ಲಿ ಬಾನು, ಇನ್ನೊಂದರಲ್ಲಿ ಬಾನೊ. ತಂದೆಯ ಹೆಸರಿಗೆ ಬರೀ ಇನಿಶಿಯಲ್. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಸಬೇಕು. ಒಂದೇ ಪದದ ಹೆಸರಿದ್ದರೆ ಕೆಲವು ದೇಶಗಳಲ್ಲಿ ತಡೆಯೂ ಇದೆ. ಅಂಥ ಪಾಸ್‌ಪೋರ್ಟಿಗೆ ಭೇಟಿ ವೀಸಾ ಕೊಡುವುದರ ಮೇಲೆ ಯುಎಇ 2022ರ ನವೆಂಬರಿನಲ್ಲಿ ನಿರ್ಬಂಧ ತಂದಿತು. ಅರ್ಜಿ ತರುವಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಜನನ ಪ್ರಮಾಣಪತ್ರ ಮೂರರ ಮೂಲಪ್ರತಿಯನ್ನೂ ತನ್ನಿ, ಟ್ರಸ್ಟಿನ ಕಚೇರಿಯಲ್ಲಿ ಒಟ್ಟಿಗಿಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡುತ್ತೇವೆ. ತಿದ್ದುಪಡಿ ಬೇಕಾದವರು ಮೊದಲು ಅದನ್ನು ಮುಗಿಸಿಕೊಂಡು ಆಮೇಲೆ ಪಾಸ್‌ಪೋರ್ಟಿಗೆ ಹೋಗಲಿ. ಆಯ್ಕೆ ಪತ್ರ ಬಂದಿದ್ದರೆ ಅದರ ಪ್ರತಿ, ಯೋಜನೆಯವರು ಎಷ್ಟು ಹಣ ಕೊಡುತ್ತಾರೆ, ಯಾವಾಗ ಕೊಡುತ್ತಾರೆ ಎಂಬ ಪುಟದ ಪ್ರತಿಯೂ ಜೊತೆಗಿರಲಿ.